ನಿಂತಲ್ಲಿ ನಡುಗುವ ಮೋಟಾರು

ಇಂಜಿನ್ನಿನ ಸದ್ದು ಏರಿತು, ಇಳಿಯಿತು, ಈಗ ಸಾಯುತ್ತದೆ — ಇಲ್ಲ, ಮತ್ತೆ ಏರಿತು, ಮಡ್‌ಗಾರ್ಡಿನ ಮೇಲಿಟ್ಟ ಅಂಗೈಯಿಂದ ನಡುಕ ಮೊಣಕೈವರೆಗೆ ಹತ್ತಿ ಅಲ್ಲೇ ನಿಲ್ಲುತ್ತದೆ, ಅದರಾಚೆ ಸುಂದರಬಾಯಿಗೆ ಏನೂ ತಾಗುವುದಿಲ್ಲ, ಆರು ತಿಂಗಳಾಯಿತು ಏನೂ ತಾಗದೆ, ಶ್ರಾವಣದಲ್ಲಿ ಗಂಡ ಮಡೆಪ್ಪನನ್ನು ಸಮಾಧಿಯೊಳಗೆ ಕೂರಿಸಿದಾಗಲೂ ಕಣ್ಣು ಒದ್ದೆಯಾಗಲಿಲ್ಲ, ಕಲ್ಲೆದಿ ಹೆಣ್ಣು ಅಂದರು, ಅನ್ನಲಿ. ಮೋಟಾರು ಅವನದು, ಯಾರೋ ಜಾಗೀರದಾರರು ಓಡಿಸಿ ಬಿಟ್ಟದ್ದು, ನೌಬಾದದ ಈ ಮನೆಯ ಹಿಂದಿನ ಬಯಲಿನಲ್ಲಿ ಅವಳ ಕೈಗೆ ಸ್ಟೀರಿಂಗ್ ಕೊಟ್ಟು ಓಡಿಸಲು ಕಲಿಸಿದವನೂ ಅವನೇ, ಈಗ ಓಡುವಾಗ ಸರಿ ಇರುತ್ತದೆ, ನಿಲ್ಲಿಸಿ ಸುಮ್ಮನೆ ತಿರುಗಲು ಬಿಟ್ಟರೆ ಏದುಸಿರು. ಮಧ್ಯಾಹ್ನ ಭಾಲ್ಕಿಯ ಸಾಹುಕಾರ ಬಂದು ಇದನ್ನು ಕೊಂಡು ಒಯ್ಯುತ್ತಾನೆ, ಭಾವ ಶಿವರಾಜಪ್ಪ ಮಾತು ಕೊಟ್ಟಾಗಿದೆ. ನಾಳೆ ಔರಾದದ ಹೆಣ್ಣುಮಕ್ಕಳ ಸಾಲೆಯಲ್ಲಿ ಶಿಕ್ಷಕಿಯಾಗಿ ಹಾಜರಾಗಬೇಕೆಂದು ತಾಲೀಮಾತ್ ಇಲಾಖೆಯ ಹುಕುಂ ಗೂಡಿನಲ್ಲಿ ಮಡಚಿಟ್ಟಿದೆ, ಮಾವ ವೈಜಿನಾಥಪ್ಪ ನಿನ್ನೆ ಒಂದೇ ದಾರಿ ಬಿಟ್ಟರು, ಇದರ ರೋಗ ಏನಂತ ತೋರಿಸಿದ್ರ ಇದರಾಗೇ ಔರಾದಕ್ಕ ಹೋಗವ್ವ, ಇಲ್ಲಂದ್ರ ಮನ್ಯಾಗ ಇರು, ಬಾಡಿಗಿ ಬಂಡ್ಯಾಗ ನನ್ನ ಸೊಸಿನ್ನ ಕಳಸೂದಿಲ್ಲ. ರೋಗ ಏನಂತ ಭಾವನಿಗೆ ಗೊತ್ತಿದೆ, ಬೀದಿಗೆಲ್ಲ ಹೇಳಿ ಮುಗಿಸಿದ್ದಾರೆ, ದಸರಾದ ಹಿಂದಿನ ದಿನ ಇಕಿ ತೊಳದಾಳರಿ, ರಂಡಮುಂಡಿ ಕೈ, ಮರುದಿನದಿಂದ ಥರಥರ. ತೊಳೆದದ್ದು ಹೌದು. ಪ್ರತಿ ವರ್ಷ ತೊಳೆಯುತ್ತಿದ್ದಳು, ಆಗ ನಡುಗಲಿಲ್ಲ — ಹೊಸ್ತಿಲ ಮೇಲೆ ಬಿಳಿ ಕಾಯಿಯ ಚೂರು, ಯಾಕೆ ನೆನಪಾಯಿತು ಅದು, ಬೇಡ ಈಗ.

ಚಾಂದ ಪಾಶಾ ಮಿಸ್ತ್ರಿ ಮೂರು ದಿನದಿಂದ ಪ್ಲಗ್ ಉಜ್ಜಿದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ ತೊಳೆದ, ತಿರುಪು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ದವಾ ಮುಗೀತ್ರಿ ಬಾಯೀ, ಇನ್ನ ದುವಾ ಅಷ್ಟೇ, ಎಂದು ಬೀಡಿ ಹಚ್ಚಿ ಕೂತಿದ್ದಾನೆ. ಓಡುವಾಗ ಸರಿ, ನಿಂತಾಗ ಮಾತ್ರ ಯಾಕೆ, ಹೈದರಾಬಾದಿನ ಜನಾನಾ ಕಾಲೇಜಿನಲ್ಲಿ ಪರದೆಯ ಹಿಂದೆ ಕೂತು ಉರ್ದುವಿನಲ್ಲಿ ಓದಿದ ಗಾಳಿ, ಒತ್ತಡ, ಗಾಜಿನ ನಳಿಗೆ, ಅದಕ್ಕೂ ಮೊದಲು ತವರೂರು ಸಾಯಗಾಂವ, ಔಡಲ ಎಲೆಯ ಪೊಳ್ಳು ದಂಟಿನಿಂದ ಕಾಲುವೆಯ ನೀರು ಹೀರುವ ಪಂದ್ಯ, ದಂಟು ಸೀಳಿದ್ದರೆ ಎಷ್ಟು ಹೀರಿದರೂ ಬಾಯಿಗೆ ಬರೀ ಗಾಳಿ. ಸೀಳು. ಓಡುವಾಗ ಗಾಳಿಯ ಬಾಗಿಲು ಪೂರ್ತಿ ತೆರೆದಿರುತ್ತದೆ, ಅಷ್ಟು ಗಾಳಿಯಲ್ಲಿ ಒಂದು ಸಂದಿನ ಗಾಳಿಯನ್ನು ಕೇಳುವವರಿಲ್ಲ, ನಿಂತಾಗ ಬಾಗಿಲು ಕೂದಲೆಳೆಯಷ್ಟು, ಆಗ ಆ ಸಂದಿಯೇ ಯಜಮಾನ. ಅಡುಗೆಮನೆಯ ಕುಸುಬಿ ಎಣ್ಣೆ, ಹತ್ತಿಯ ಬತ್ತಿ, ತಿರುಗುವ ಇಂಜಿನ್ನಿನ ಮೇಲೆ ಬಾಗಿ ಒಂದೊಂದೇ ಹನಿ, ಸೀಳಿದ್ದಲ್ಲಿ ಗಾಳಿಯ ಬದಲು ಅದನ್ನೇ ಹೀರಬೇಕು — ಏನ ಅಭಿಷೇಕ ನಡಿಸ್ಯಾಳ ನೋಡ್ರಿ, ಭಾವನ ನಗು, ನಗಲಿ — ಮೊದಲ ಜೋಡಣೆ, ಇಲ್ಲ, ಎರಡನೆಯದು, ಎಣ್ಣೆ ಸುಮ್ಮನೆ ಜಾರಿತು, ಮೂರನೆಯದು, ಗಾಳಿ ಒಳಹೋಗುವ ನಳಿಗೆಯ ಬೋಲ್ಟು ಕೂರುವ ಕಿವಿಯ ಹತ್ತಿರ, ಹನಿ ಜಾರಲಿಲ್ಲ. ಇಂಜಿನ್ನು ಅದನ್ನು ನುಂಗಿತು. ಏರಲಿಲ್ಲ, ಇಳಿಯಲಿಲ್ಲ, ಒಂದೇ ಉಸಿರು, ಹಿಂದೆ ಬಿಳಿ ಹೊಗೆ, ಪಾಶಾನ ಬೀಡಿ ಬಾಯಿಯಿಂದ ಇಳಿಯಿತು. ಎಣ್ಣೆ ತೀರಿತು, ಮತ್ತೆ ನಡುಕ. ಇನ್ನೊಂದು ಹನಿ, ನಡುಕ ನಿಂತಿತು.

ಸೆರಗಿನಿಂದ ಒರೆಸುತ್ತಾಳೆ, ಕೂದಲಿನಂಥ ಬಿರುಕು, ಬಿರುಕಿನ ಬಾಯಿಯಿಂದ ಕೆಳಗೆ ಒಣಗಿದ ಮಾಸಲು ಗೆರೆ, ನೀರು ಹರಿದು ಸುಟ್ಟ ಗೆರೆ, ಎರಡು ನಾರು ಇನ್ನೂ ಅಂಟಿವೆ, ತೆಂಗಿನ ನಾರು. ಠಣ್. ದಸರಾ ಬೆಳಿಗ್ಗೆ, ಖಂಡೆ ಪೂಜೆ, ನೇಗಿಲು ಕುಡುಗೋಲು ಎಲ್ಲಕ್ಕೂ ವಿಭೂತಿ, ಮಡೆಪ್ಪ ಇದ್ದಾಗ ಚಕ್ರದ ಮುಂದಿನ ಕಲ್ಲಿಗೇ ಕಾಯಿ ಒಡೆಸುತ್ತಿದ್ದ, ಎರಕದ ಕಬ್ಬಿಣ ಗಡಿಗಿ ಜಾತಿ ಅಣ್ಣಾ, ಬಗ್ಗೂದಿಲ್ಲ, ಸೀಳ್ತದ, ಅನ್ನುತ್ತಿದ್ದ, ಈ ಸಲ ಹೇಳುವವನಿಲ್ಲ, ಭಾವ ಬಾನೆಟ್ಟು ಎತ್ತಿ ದೇವರ ಎದೆಗೇ ಅರ್ಪಿಸುವವರಂತೆ ಇಂಜಿನ್ನಿಗೇ ಕುಟ್ಟಿದರು, ಒಮ್ಮೆಗೆ ಒಡೆಯಲಿಲ್ಲ, ಎರಡನೆಯ ಪೆಟ್ಟು. ಪೂಜೆಗೆ ಕರೆಯದ ಅವಳು ಬಾಗಿಲ ಒಳಗಿದ್ದಳು. ಲಿಂಗ ಕಟ್ಟಿದವರಿಗೆ ಸೂತಕಿಲ್ಲ ಎಂದು ದಿನಾ ಸಂಜೆ ಹೇಳುವ ಮಾವ ಅಂದು ಗೋಡೆ ನೋಡಿದರು, ಅತ್ತೆ ಗುಂಡಮ್ಮ ಪ್ರಸಾದದ ಚೂರನ್ನು ಕೈಗೆ ಕೊಡಲಿಲ್ಲ, ಹೊಸ್ತಿಲ ಮೇಲಿಟ್ಟು ಹೋದರು.

ಇದು ನನ್ನ ಕೈ ತಾಗಿ ಆದದ್ದಲ್ಲರಿ ಭಾವಾ, ನಿಮ್ಮ ಕಾಯಿ ತಾಗಿ ಆದದ್ದು. ತನ್ನ ದನಿಯೇ, ಎಷ್ಟು ಸಮನಾಗಿದೆ. ಪಾಶಾ ಬಗ್ಗಿ ನೋಡುತ್ತಾನೆ, ನಾರು ಕಿತ್ತು ಅಂಗೈಯಲ್ಲಿಟ್ಟು ಎಲ್ಲರ ಮುಂದೆ ಹಿಡಿಯುತ್ತಾನೆ, ಭಾವ ಆ ಕಡೆ ನೋಡುವುದಿಲ್ಲ. ಅಂಗಳಕ್ಕಿಳಿದು ಬಂದ ಮಾವ ಮಿಸ್ತ್ರಿಯ ಕಡೆ ತಿರುಗಿದರು, ಪಾಶಾ, ಔರಾದ ತನಕ ಹೋಗ್ತದೇನು. ಸಾಬೂನು ಮೆತ್ತಿ ಪಟ್ಟಿ ಬಿಗದ್ರ ಹೋಗ್ತದರಿ. ಸಾಹುಕಾರಗ ಏನ ಹೇಳ್ಲಿರಿ ಅಪ್ಪಾ, ಇದು ಶಿವರಾಜಪ್ಪ. ಕಾಯಿ ಒಡದದ್ದು ಹೇಳು. ಪಟ್ಟಿ ಬಿಗಿಯಾಯಿತು, ಅವಳು ಸ್ಟೀರಿಂಗ್ ಹಿಡಿದು ಕೂತಳು, ಹೊರಡೂ ಮುಂದ ಒಂದ ಕಾಯಿ ಆದರೂ, ಎಂದು ಅತ್ತೆ ಅರ್ಧಕ್ಕೆ ನಿಲ್ಲಿಸಿದರು, ಯಾರು ಒಡೆಯಬೇಕು ಎಂಬಲ್ಲಿಗೆ ಮಾತು ಸಿಕ್ಕಿಕೊಂಡಿತು. ತರ್ರಿ ಅತ್ತಿ, ಕಲ್ಲಿನ ಮ್ಯಾಲ ನಾನೇ ಒಡಿತೇನಿ. ಯಾರೂ ಕಾಯಿ ತರಲಿಲ್ಲ, ಇಂಜಿನ್ನು ಒಂದೇ ಸಮ, ಸಣ್ಣ ಅದುರು ಅಂಗೈಗೆ, ಮೊಣಕೈಗೆ, ಮೊಣಕೈ ದಾಟಿ ಹೆಗಲಿಗೆ, ಇದೇನು, ಕಣ್ಣು ಒದ್ದೆ — ದಸರಾದ ಅಂದು ಸಂಜೆಯವರೆಗೂ ಅದು ಅಲ್ಲೇ ಇತ್ತು, ಇರುವೆ ಹತ್ತಿತ್ತು, ಅವಳು ಬಗ್ಗಿ ಎತ್ತಿಕೊಳ್ಳಲಿಲ್ಲ, ಹೊಸ್ತಿಲ ಮೇಲೆ, ಕೈಗೆ ಕೊಡದ ಆ ಚೂರು, ಬಿಳಿ, ಹೊಸ್ತಿಲ ಮೇಲೆ