ವರ್ಲಿನ್‌ನ ಒಂದು ಸೆಕೆಂಡ್

"ಒಂದೇ ಸೆಕೆಂಡ್," ಎಂದ ವರ್ಲಿನ್ ಸಿಂಟ್, ಕೋರ್ಟ್‌ಹೌಸಿನ ಮೆಟ್ಟಿಲ ಬುಡದಲ್ಲಿ ಕಾಫಿ ಲೋಟ ಹಿಡಿದುಕೊಂಡು.

ಎಲ್ಲಿಗೋ ಹೋಗಿಬರುತ್ತಾನೆ ಅಂದುಕೊಂಡು ಆರ್ಲಿಸ್ ವೊಂಡ್ರಾಚೆಕ್ ಕಾದಳು. ವರ್ಲಿನ್ ಎಲ್ಲಿಗೂ ಹೋಗಲಿಲ್ಲ. ಕಾಫಿಯೊಳಗೆ ಏನೋ ಬಿದ್ದಿರುವಂತೆ ಅದನ್ನೇ ನೋಡುತ್ತ ನಿಂತಿದ್ದ.

"ಏನದು ಒಂದು ಸೆಕೆಂಡು?"

"ಇವತ್ತಿನ ಸಭೇಲಿ ನಿನಗೆ ನಾನು ಕೊಡೋದು. ಒಂದು. ಎರಡು ಕೊಡಲ್ಲ. ಭಾನುವಾರ ಚರ್ಚಲ್ಲಿ ಕ್ರೋಗ್‌ಮನ್ ಹಿಂದಿನ ಬೆಂಚಲ್ಲಿ ಕೂರೋನು ನಾನು, ಗುರುವಾರ ಅವನ ಜತೆ ಇಸ್ಪೀಟು ಆಡೋನೂ ನಾನೇ. ಒಂದಾದ್ರೆ ಮರೀತಾನೆ. ಎರಡಾದ್ರೆ ನನಗೆ ಎಲೇನೇ ಹಂಚಲ್ಲ."

ಕೆಟ್ಲ್ ಫೋರ್ಕ್ ಕೌಂಟಿಯನ್ನು ಆಳುವವರು ಚುನಾವಣೆಯಲ್ಲಿ ಗೆದ್ದುಬಂದ ಮೂವರು ಕಮಿಷನರುಗಳು. ಒಬ್ಬರು ಮಾತು ಮಂಡಿಸಬೇಕು, ಇನ್ನೊಬ್ಬರು "ಸೆಕೆಂಡ್" ಎಂದು ಬೆಂಬಲ ಹೇಳಬೇಕು, ಆಮೇಲಷ್ಟೇ ಮತ. ಆ ಒಂದು ಶಬ್ದ ಬರದಿದ್ದರೆ ಮಾತು ಅಲ್ಲೇ ಸತ್ತಂತೆ. ಗುಮಾಸ್ತೆ ಟ್ವೈಲಾ ಬ್ರೂನ್ ದಫ್ತರದಲ್ಲಿ "ಸೆಕೆಂಡ್ ಇಲ್ಲದೆ ಸತ್ತಿತು" ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಾಳೆ. ಅಧ್ಯಕ್ಷ ಡೆಲ್ಬರ್ಟ್ ಕ್ರೋಗ್‌ಮನ್ ಮಂಡಿಸುವುದೂ ಇಲ್ಲ, ಸೆಕೆಂಡ್ ಹೇಳುವುದೂ ಇಲ್ಲ. ಸುತ್ತಿಗೆ ಕುಟ್ಟುತ್ತಾನೆ, ಕೊನೆಗೆ ಮತ ಹಾಕುತ್ತಾನೆ. ಹದಿನಾಲ್ಕು ವರ್ಷದಿಂದ ಹಾಗೇ ನಡೆದಿದೆ. ಉಳಿದವರು ಆರ್ಲಿಸ್, ವರ್ಲಿನ್ ಇಬ್ಬರೇ ಆದ್ದರಿಂದ ಅವಳ ಪಾಲಿಗೆ ಆ ಕೌಂಟಿಯ ಸೆಕೆಂಡುಗಳೆಲ್ಲ ವರ್ಲಿನ್‌ನ ಜೇಬಿನಲ್ಲಿದ್ದವು. ವರ್ಲಿನ್ ಕಾಲಕ್ಕಂತೂ ಬೆಲೆ ಕೊಟ್ಟವನಲ್ಲ, ಸೆಕೆಂಡಿಗೆ ಮಾತ್ರ ಮಹಾ ಜಿಪುಣ.

ಆರ್ಲಿಸ್‌ಳ ಕೈಚೀಲದಲ್ಲಿ ಎರಡು ಕಾಗದಗಳಿದ್ದವು. ತನ್ನ ಮನೆಗೆ ಹೋಗುವ ಹದಿನೇಳನೇ ನಂಬರಿನ ರಸ್ತೆಗೆ ಮೊದಲಿನಂತೆ ಜಲ್ಲಿ ಹಾಕಬೇಕು, ಹಿಮ ಬಿದ್ದರೆ ತೆಗೆಸಬೇಕು ಎಂಬುದು ಒಂದು. ಕ್ರೋಗ್‌ಮನ್ ಮನೆಗೆ ಹೋಗುವ ನಲವತ್ತನೇ ನಂಬರಿನ ರಸ್ತೆಗೆ ಅವೆರಡನ್ನೂ ನಿಲ್ಲಿಸಬೇಕು ಎಂಬುದು ಇನ್ನೊಂದು. ಅಲ್ಲಿ ಉಳಿದದ್ದರಲ್ಲಿ ಇಲ್ಲಿಗೆ ಜಲ್ಲಿ. ಬಜೆಟ್ಟಿನ ಮಟ್ಟ ಒಂದು ಕೂದಲಷ್ಟೂ ಏರದು. ಲೆಕ್ಕ ಅಷ್ಟು ಚೊಕ್ಕವಾಗಿತ್ತು.

"ಯಾವುದಕ್ಕೆ ಅಂತ ನೀನೇ ನೋಡ್ಕೊ," ಎಂದು ವರ್ಲಿನ್ ಮೆಟ್ಟಿಲು ಹತ್ತಿದ.

ಆರು ವರ್ಷದ ಹಿಂದೆ, ಇಂಥದೇ ಸೆಪ್ಟೆಂಬರಿನ ಬಜೆಟ್ ಸಭೆಯಲ್ಲಿ, ಹದಿನೇಳನೇ ರಸ್ತೆಗೆ ಹಳದಿ ಬೋರ್ಡು ಬಿದ್ದಿತ್ತು: "ಕನಿಷ್ಠ ನಿರ್ವಹಣೆಯ ರಸ್ತೆ. ಹೋಗುವವರ ಹೊಣೆ ಹೋಗುವವರದು." ಬೋರ್ಡಿಗೆ ಮುಂಚೆ ರಸ್ತೆಗೆ ಅಡ್ಡಲಾಗಿ ಒಂದು ಕಪ್ಪು ರಬ್ಬರ್ ಕೊಳವೆ ಹಾಸಿ, ಅದರ ಮೇಲೆ ಹಾಯುವ ಗಾಡಿಗಳನ್ನು ಒಂದು ವಾರ ಎಣಿಸಿದ್ದರು; ಎಣಿಕೆ ಕಡಿಮೆ ಬಂದರೆ ರಸ್ತೆಗೆ ಬೋರ್ಡು. ಆ ವಾರವೇ ಮೋರಿ ರಿಪೇರಿಯೆಂದು ಹಾಲಿನ ಲಾರಿ ಹಿತ್ತಲ ದಾರಿಯಲ್ಲಿ ಬರುತ್ತಿತ್ತು, ಎಣಿಕೆಗೆ ಸಿಗಲಿಲ್ಲ. ಮೋರಿ ಅಗೆಸಿದವನೂ ಕ್ರೋಗ್‌ಮನ್, ಕೊಳವೆ ಹಾಸಿಸಿದವನೂ ಕ್ರೋಗ್‌ಮನ್. ಸಭೆಯಲ್ಲಿ ಮಂಡಿಸಿದವನು ಮಾತ್ರ ವರ್ಲಿನ್. ಬಾಯಿ ಇವನದು, ಮಾತು ಅವನದು. ಆಗ ಜನರ ನಡುವೆ ಕೂತಿದ್ದ ಆರ್ಲಿಸ್ ಎದ್ದು ನಿಂತು, ಹಾಲಿನ ಲಾರಿ ಬರದಿದ್ದರೆ ನಲವತ್ತು ಹಸು ಕಟ್ಟಿಕೊಂಡು ನಾವೇನು ಮಾಡಬೇಕು ಎಂದು ಕೇಳಿದಾಗ ಅಧ್ಯಕ್ಷ ಕನ್ನಡಕ ಮೂಗಿನ ತುದಿಗೆ ಇಳಿಸಿದ.

"ಹಸುಗಳಿಗೆ ನಾಲ್ಕು ಕಾಲು ಕೊಟ್ಟಿದಾನಲ್ಲಮ್ಮ ದೇವರು. ನಡ್ಕೊಂಡು ಬಂದು ಕೊಡ್ಲಿ ಹಾಲು."

ಇಡೀ ಸಭೆ ನಕ್ಕಿತು. ಆ ಚಳಿಗಾಲ ರಸ್ತೆ ಹಾಳಾಯಿತು, ಹಾಳು ರಸ್ತೆಗೆ ಹಾಲಿನ ಲಾರಿ ಬರಲಿಲ್ಲ. ಹದಿನೈದು ದಿನದ ಹಾಲನ್ನು ಹಿಮದ ಮೇಲೆ ಸುರಿದು, ಮಾರ್ಚಿನಲ್ಲಿ ಹಸುಗಳನ್ನು ಮಾರಿದರು. ಅವಳ ಗಂಡ ಎಮಿಲ್ ಊರಿನ ಧಾನ್ಯದ ಗೋದಾಮಿನಲ್ಲಿ ತೂಕ ಬರೆಯುವ ಕೆಲಸಕ್ಕೆ ಸೇರಿದ. ಹಸು ಹೋದದ್ದನ್ನು ಆರ್ಲಿಸ್ ಹೇಗೋ ನುಂಗಿದಳು. ಆ ನಗುವನ್ನು ನುಂಗಲಾಗಲಿಲ್ಲ. ಅವಳಿಗೆ ಅಣಕು ಒಲಿದಿತ್ತು. ಕನ್ನಡಕ ಇಳಿಸುವುದು, ಗಂಟಲಲ್ಲಿ ಕಫ ಉರುಳಿಸುವುದು, "ಅಮ್ಮ" ಎಂಬಲ್ಲಿ ಬೆಲ್ಲ ಸುರಿಯುವುದು, ಎಲ್ಲವನ್ನೂ ಅಡುಗೆಮನೆಯಲ್ಲಿ ನಿಂತು ಮಾಡಿ ತೋರಿಸುತ್ತಿದ್ದಳು. ಎಮಿಲ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನು ನಕ್ಕಷ್ಟೂ ಅವಳಿಗೆ ಒಳಗೆ ಕುದಿಯುತ್ತಿತ್ತು. ಕೊನೆಗೆ ಚುನಾವಣೆಗೆ ನಿಂತಳು. ಮನೆಮನೆ ಬಾಗಿಲು ತಟ್ಟಿ, ಕ್ರೋಗ್‌ಮನ್‌ನ ದನಿಯಲ್ಲೇ ತನಗೆ ಓಟು ಕೇಳಿ, ನಲವತ್ತೊಂದು ಓಟಿನಿಂದ ಗೆದ್ದಳು.

ಎಮಿಲ್‌ಗೆ ಬೇಕಾಗಿದ್ದದ್ದು ಒಂದೇ, ರಸ್ತೆ. ಪಕ್ಕದ ಕೌಂಟಿಯ ರೈತನೊಬ್ಬನ ಹತ್ತಿರ ಹನ್ನೆರಡು ಕಡಸು ನೋಡಿಟ್ಟಿದ್ದ. ಬುಧವಾರದವರೆಗೆ ಯಾರಿಗೂ ಕೊಡಬೇಡ ಎಂದು ಹೇಳಿಬಂದಿದ್ದ. ಇವತ್ತು ಮಂಗಳವಾರ.

ಹತ್ತು ಗಂಟೆಗೆ ಸುತ್ತಿಗೆ ಬಿತ್ತು. ಜನ ಹನ್ನೊಂದು. ಲೈಬ್ರರಿ ಶನಿವಾರವೂ ತೆಗೆದಿರಲಿ ಎಂದಳು ಒಬ್ಬ ಅಜ್ಜಿ. ಶೆರಿಫನಿಗೆ ಹೊಸ ಕಾರು ಯಾಕೆ, ಹಳೆಯದರಲ್ಲೇ ಕಳ್ಳರು ಸಿಕ್ಕುತ್ತಿಲ್ಲವೇ ಎಂದ ಇನ್ನೊಬ್ಬ; ಸಿಕ್ಕುತ್ತಿಲ್ಲ, ಅದಕ್ಕೇ ಕೇಳುತ್ತಿರುವುದು ಎಂದ ಶೆರಿಫ್. ಆಂಬುಲೆನ್ಸಿಗೆ, ರಸ್ತೆಬದಿಯ ಕಳೆಗೆ, ಕೋರ್ಟ್‌ಹೌಸಿನ ಬಾಯ್ಲರಿಗೆ ಎಂದು ಒಂದೊಂದೇ ಬಾಬು ದಾಟಿತು. ಕರ ಎತ್ತಕೂಡದೆಂದು ಬೆಳಗಿನಿಂದ ಕೂಗುತ್ತಿದ್ದವರೇ, ಇನ್ನು ಯಾರು ಮಾತಾಡುವವರು ಎಂದು ಕೇಳಿದಾಗ ಮೊದಲು ಕರ ಎತ್ತಿದರು.

ಒಂಬತ್ತನೇ ಬಾಬು, ರಸ್ತೆಗಳ ವರ್ಗ ಬದಲಾವಣೆ. ತಂತಮ್ಮ ರಸ್ತೆಯ ವಿಷಯಕ್ಕೆ ಸದಸ್ಯರು ಹೊರಗೆ ಕೂರಬೇಕು ಎನ್ನುವವರು ಆ ಕೌಂಟಿಯಲ್ಲಿ ಯಾರೂ ಇರಲಿಲ್ಲ. ಹಾಗೆ ಕೂರತೊಡಗಿದರೆ ಒಳಗೆ ಕುರ್ಚಿಗಳಷ್ಟೇ ಉಳಿಯುತ್ತಿದ್ದವು. ಆರ್ಲಿಸ್ ಮೆಟ್ಟಿಲು ಹತ್ತುವಾಗಲೇ ತೀರ್ಮಾನಿಸಿದ್ದಳು. ಹದಿನೇಳು. ಸೇಡಿಗೆ ಮುಂದಿನ ವರ್ಷವಿದೆ, ಕಡಸಿಗೆ ಬುಧವಾರ ಒಂದೇ. ಕಾಗದವನ್ನು ಅರ್ಧ ಹೊರಗೆಳೆದಿದ್ದಳು.

ಕ್ರೋಗ್‌ಮನ್ ಕನ್ನಡಕ ಮೂಗಿನ ತುದಿಗೆ ಇಳಿಸಿದ. "ಹೇಳಿ, ಕಮಿಷನರ್ ವೊಂಡ್ರಾಚೆಕ್ ಅವರೇ. ಹೇಗಿದಾವೆ ನಿಮ್ಮ ಹಸುಗಳು?"

ಹಿಂದಿನ ಸಾಲಿನಲ್ಲಿ ಇಬ್ಬರು ನಕ್ಕರು. ಇಬ್ಬರೇ. ಆರ್ಲಿಸ್‌ಳ ಕಿವಿಗೆ ಅದು ಆರು ವರ್ಷದ ಹಿಂದಿನ ಇಡೀ ಸಭೆಯಂತೆ ಕೇಳಿಸಿತು. ಕೈಯಲ್ಲಿದ್ದ ಕಾಗದ ಚೀಲದೊಳಗೆ ಹಿಂದಕ್ಕೆ ಹೋಗಿ, ಇನ್ನೊಂದು ಮೇಲೆ ಬಂತು.

"ಅಧ್ಯಕ್ಷರೇ, ನಲವತ್ತನೇ ನಂಬರಿನ ರಸ್ತೆಯನ್ನ ಕನಿಷ್ಠ ನಿರ್ವಹಣೆಗೆ ಸೇರಿಸಬೇಕು ಅಂತ ಮಂಡಿಸ್ತೀನಿ."

ಟ್ವೈಲಾಳ ಪೆನ್ನು ನಿಂತಿತು.

ಆಮೇಲಿನದನ್ನು ಆರ್ಲಿಸ್ ಓದಲಿಲ್ಲ, ಆಡಿದಳು. ಆಗಸ್ಟಿನಲ್ಲಿ, ಕ್ರೋಗ್‌ಮನ್ ಕೌಂಟಿ ಮೇಳದಲ್ಲಿ ಹಂದಿಗಳಿಗೆ ಅಂಕ ಹಾಕಲು ಹೋದ ವಾರವೇ, ಅವನ ರಸ್ತೆಗೆ ಅವಳು ಕೊಳವೆ ಹಾಸಿಸಿದ್ದಳು. ಮೊದಲ ಐದು ದಿನ ದಾಟಿದ ಗಾಡಿ ಇಪ್ಪತ್ತಮೂರು. ಆರನೇ ದಿನ, ಅವನು ಊರಿಗೆ ಮರಳಿದ ಶನಿವಾರ, ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ, ತೊಂಬತ್ತೊಂದು. ಕೊಳವೆಯ ತುದಿಯ ಯಂತ್ರ ಹೊತ್ತನ್ನೂ ಬರೆದುಕೊಳ್ಳುತ್ತದೆ ಎಂಬುದು ಅಧ್ಯಕ್ಷರ ಗಮನಕ್ಕೆ ಬಂದಿರಲಿಕ್ಕಿಲ್ಲ ಎಂದಳು. ಎರಡು ಗಂಟೆ ಮೂರು ನಿಮಿಷಕ್ಕೆ ಒಂದು ಗಾಡಿ ಪೂರ್ವಕ್ಕೆ. ಎರಡು ನಾಲ್ಕಕ್ಕೆ ಪಶ್ಚಿಮಕ್ಕೆ. ಎರಡು ಐದಕ್ಕೆ ಮತ್ತೆ ಪೂರ್ವಕ್ಕೆ. ಸ್ವಲ್ಪ ಹೊತ್ತಿನ ನಂತರ ಗಾಡಿ ತಿರುಗಿಸುವ ಶ್ರಮವೂ ಬೇಡವೆನಿಸಿ ರಿವರ್ಸಿನಲ್ಲೇ ಬಂದಂತಿದೆ. ಕುರ್ಚಿಯಲ್ಲೇ ಸ್ಟಿಯರಿಂಗ್ ಹಿಡಿದು, ಕತ್ತು ಹಿಂದಕ್ಕೆ ಹೊರಳಿಸಿ, ಗಂಟಲಲ್ಲಿ ಕಫ ಉರುಳಿಸಿ ತೋರಿಸಿದಳು. ಆಮೇಲೆ ಬೆಲ್ಲ ಸುರಿದು ಹೇಳಿದಳು:

"ಕಾಲು ಕೊಟ್ಟಿದಾನಲ್ಲಪ್ಪ ದೇವರು. ನಡ್ಕೊಂಡು ಬನ್ನಿ ಸಭೆಗೆ."

ಹನ್ನೊಂದು ಜನವೂ ನಕ್ಕರು. ಲೈಬ್ರರಿಯ ಅಜ್ಜಿ ಕೈವಸ್ತ್ರದಿಂದ ಕಣ್ಣೊರೆಸಿಕೊಂಡಳು. ಕ್ರೋಗ್‌ಮನ್‌ನ ಕತ್ತು ಕಾಲರಿನಿಂದ ಮೇಲಕ್ಕೆ ಕೆಂಪಾಗುತ್ತ ಹೋಯಿತು. ನಗು ಇಳಿದ ಮೇಲೆ ಎಲ್ಲರೂ ವರ್ಲಿನ್‌ನನ್ನು ನೋಡಿದರು. ವರ್ಲಿನ್ ಮೇಜನ್ನು ನೋಡಿದ.

"ಸೆಕೆಂಡ್," ಎಂದ, ಮೇಜಿಗೆ ಹೇಳುವಂತೆ.

ಎರಡಕ್ಕೆ ಒಂದು ಮತದಿಂದ ಮಾತು ಗೆದ್ದಿತು. ಸುತ್ತಿಗೆ ಕುಟ್ಟಿದ ಕ್ರೋಗ್‌ಮನ್ ಅದನ್ನು ಕೆಳಗಿಡದೆ ಕೈಯಲ್ಲೇ ಹಿಡಿದುಕೊಂಡಿದ್ದ. ಅವನ ಕಣ್ಣು ಆರ್ಲಿಸ್‌ಳ ಚೀಲದ ಮೇಲಿತ್ತು.

"ರಸ್ತೆ ವಿಷಯದಲ್ಲಿ ಬೇರೆ ಏನಾದ್ರೂ ಇದೆಯಾ?"

ಅವಳು ವರ್ಲಿನ್ ಕಡೆ ನೋಡಿದಳು. ವರ್ಲಿನ್ ಕತ್ತನ್ನು ಅಡ್ಡಡ್ಡ ಆಡಿಸಿದ, ಕೂದಲೆಳೆಯಷ್ಟು.

"ಇಲ್ಲ," ಎಂದಳು.

ಬಜೆಟ್ ಅಂಗೀಕಾರವಾಯಿತು. ಮುಂದಿನ ಸೆಪ್ಟೆಂಬರಿನವರೆಗೆ ಇನ್ನು ಅದನ್ನು ಮುಟ್ಟುವಂತಿಲ್ಲ.

ಮಧ್ಯಾಹ್ನ ಅವಳು ಮನೆಗೆ ಬಂದಾಗ ಎಮಿಲ್ ರಜೆ ಹಾಕಿ ಹಾಲಿನ ಕೋಣೆಯ ಸೂರಿಗೆ ತಗಡು ಬಡಿಯುತ್ತಿದ್ದ. ಏಣಿಯಿಂದ ಇಳಿದು ಒಳಗೆ ಬಂದ. ಆರ್ಲಿಸ್ ಕೋಟು ತೆಗೆಯುವಷ್ಟೂ ತಡೆಯದೆ ಶುರುಮಾಡಿದಳು. ಎರಡು ಮೂರಕ್ಕೆ ಪೂರ್ವ, ಎರಡು ನಾಲ್ಕಕ್ಕೆ ಪಶ್ಚಿಮ, ಆಮೇಲೆ ರಿವರ್ಸು, ಆಮೇಲೆ ಕತ್ತಿನ ಬಣ್ಣ. ಎಮಿಲ್ ನಕ್ಕ. ಮುಗಿಯುವವರೆಗೂ ಚೆನ್ನಾಗಿಯೇ ನಕ್ಕ.

"ಸರಿ ಕಣೇ," ಎಂದ. "ನಮ್ದು?"

"ವರ್ಲಿನ್ ಒಂದೇ ಕೊಟ್ಟ."

"ಕೊಟ್ನಲ್ಲ?"

"ಹೂಂ."

"ಮತ್ತೆ ನಮ್ದಕ್ಕೆ ಬೇಕಾಗಿದ್ದೂ ಒಂದೇ ಅಲ್ವಾ?"

ಅವಳು, ಅವನು ಹೇಗೆ ಕೇಳಿದ ಗೊತ್ತಾ, ಹಸುಗಳು ಹೇಗಿದಾವೆ ಅಂತ, ಆ ಕನ್ನಡಕ ಇಳಿಸಿ, ಆ ದನಿಯಲ್ಲಿ, ಎಂದು ಹೇಳತೊಡಗಿದಳು. ಆ ದನಿ ಮಾಡಲು ಹೋದರೆ ಅದು ತನ್ನದೇ ದನಿಯಾಗಿ ಬಂತು. ಎಮಿಲ್ ಬಚ್ಚಲಿನಲ್ಲಿ ಕೈ ತೊಳೆದ. ತಗಡಿನ ತುಕ್ಕು ಹೋದ ಮೇಲೂ ಬಹಳ ಹೊತ್ತು ತೊಳೆಯುತ್ತಿದ್ದ. ಊಟಕ್ಕೆ ಕೂತಾಗ ಆಲೂಗಡ್ಡೆಯ ಬಟ್ಟಲನ್ನು ಮೊದಲು ಅವಳ ಕಡೆಗೆ ಸರಿಸಿದ. ಊಟವಾದ ಮೇಲೆ ಫೋನು ತೆಗೆದುಕೊಂಡು ಅಂಗಳಕ್ಕೆ ಹೋದ. ಪಕ್ಕದ ಕೌಂಟಿಯ ಆ ರೈತನ ಜತೆ ಎರಡು ಮಾತಾಡಿ, ಬಂದು ಏಣಿಯನ್ನು ಕೊಟ್ಟಿಗೆಯೊಳಗಿಟ್ಟ.

ಬೋರ್ಡು ನೆಡುವುದನ್ನು ನೋಡಲು ಅವಳು ಹೋಗದೇ ಇರಬಹುದಿತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ನಲವತ್ತನೇ ರಸ್ತೆಯ ಮೂಲೆಯಲ್ಲಿ ಅವಳ ಪಿಕಪ್ ನಿಂತಿತ್ತು. ರಸ್ತೆ ಕೆಲಸದ ಇಬ್ಬರು ಗುಂಡಿ ತೋಡಿ, ಕಂಬ ನಿಲ್ಲಿಸಿ, ಹಳದಿ ಬೋರ್ಡನ್ನು ಬಿಗಿದರು. ಆರು ವರ್ಷ ಅವಳು ಈ ಬೆಳಗನ್ನು ಮನಸ್ಸಿನಲ್ಲಿ ಎಷ್ಟು ಸಲ ಆಡಿದ್ದಳೆಂದರೆ, ಈಗ ಅದು ನಡೆದು ಮುಗಿದದ್ದೇ ಗೊತ್ತಾಗಲಿಲ್ಲ.

ಕ್ರೋಗ್‌ಮನ್ ಮನೆಯಿಂದ ನಡೆದುಕೊಂಡೇ ಬಂದ. ಕೆಲಸದವರು ಟೋಪಿ ಮುಟ್ಟಿಕೊಂಡು ತಮ್ಮ ಲಾರಿಗೆ ಹೋದರು. ಅವನು ಕಂಬವನ್ನೊಮ್ಮೆ ಅಲುಗಾಡಿಸಿ ನೋಡಿ, ಪಿಕಪ್ಪಿನ ಕಿಟಕಿಯ ಹತ್ತಿರ ಬಂದ.

"ಭದ್ರವಾಗಿ ನೆಟ್ಟಿದಾರೆ."

ಆರ್ಲಿಸ್ ಕಿಟಕಿಯ ಗಾಜನ್ನು ಇನ್ನಷ್ಟು ಇಳಿಸಿದಳು.

"ಎಮಿಲ್ ಕಡಸು ತರ್ತಾನಂತೆ ಅಂತ ಗೋದಾಮಲ್ಲಿ ಕೇಳಿದ್ದೆ. ಅದಕ್ಕೇ ಅವತ್ತು ವಿಚಾರಿಸಿದ್ದು, ಹಸು ಹೇಗಿದಾವೆ ಅಂತ." ಕಿಟಕಿಯ ಅಂಚಿನ ಧೂಳನ್ನು ಬೆರಳಿಂದ ಒರೆಸಿದ. "ಹದಿನೇಳನ್ನ ಯಾಕೆ ಮಂಡಿಸ್ಲಿಲ್ಲಮ್ಮ ನೀನು? ನಾನು ಕಾಯ್ತಾ ಇದ್ದೆ. ಕೇಳ್ದೆ ಕೂಡ."

"ವರ್ಲಿನ್ ಕೊಡ್ತಿರ್ಲಿಲ್ಲ."

"ನಾನು ಕೊಡ್ತಿದ್ದೆ."

"ಅಧ್ಯಕ್ಷರು ಸೆಕೆಂಡ್ ಮಾಡೋ ಹಾಗಿಲ್ಲ."

"ಯಾರು ಹೇಳಿದ್ದು? ಯಾವ ಪುಸ್ತಕದಲ್ಲೂ ಇಲ್ಲ. ನಾನು ಯಾವತ್ತೂ ಮಾಡ್ಲಿಲ್ಲ, ಅಷ್ಟೇ."

ಆ ಮುಖದ ಒಂದೊಂದು ಗೆರೆಯೂ ಅವಳಿಗೆ ಬಾಯಿಪಾಠವಾಗಿತ್ತು. ಹುಬ್ಬು ಎಲ್ಲಿಂದ ಏರುತ್ತದೆ, ಸುಳ್ಳು ಹೇಳುವಾಗ ಕೆಳದುಟಿ ಯಾವ ಕಡೆ ಸರಿಯುತ್ತದೆ, ಕೊಂಕಿನ ಮಾತಿಗೆ ಕನ್ನಡಕ ಎಷ್ಟು ಇಳಿಯುತ್ತದೆ, ಎಲ್ಲ ಗೊತ್ತಿತ್ತು. ಈಗ ಕನ್ನಡಕ ಅವನ ಜೇಬಿನಲ್ಲಿತ್ತು. ಅವಳು ನೋಡಿದಳು, ಮತ್ತೆ ನೋಡಿದಳು. ಅವನು ನಿಜ ಹೇಳುತ್ತಿದ್ದಾನೋ, ಅಥವಾ ಇದೇ ಅವನ ಸೇಡೋ, ಒಂದೂ ಹೊಳೆಯಲಿಲ್ಲ.

"ಎಮಿಲ್‌ಗೆ ಕೇಳಿದೆ ಅಂತ ಹೇಳು," ಎಂದು ಅವನು ತಿರುಗಿದ.

ಹೆದ್ದಾರಿಯ ಕಡೆಯಿಂದ ಗ್ರೇಡರ್ ಬರುತ್ತಿತ್ತು, ಅಲಗನ್ನು ನೆಲಕ್ಕೊತ್ತಿ ಜಲ್ಲಿಯನ್ನು ಸಮ ಮಾಡುತ್ತ. ವಾರವಾರ ಮಾಡಿದಂತೆ ಮೂಲೆಯಲ್ಲಿ ನಲವತ್ತನೇ ರಸ್ತೆಗೆ ಮೂತಿ ತಿರುಗಿಸಿತು. ಬೋರ್ಡು ಕಂಡು ನಿಂತಿತು. ಓಡಿಸುವವನು ಒಳಗಿಂದ ಕ್ರೋಗ್‌ಮನ್‌ನನ್ನು ನೋಡಿದ, ಆರ್ಲಿಸ್‌ಳನ್ನು ನೋಡಿದ, ಆಮೇಲೆ ಅಲಗನ್ನು ಎತ್ತಿದ. ಗಾಡಿ ಹಿಂದೆ ಸರಿದು ಬೇರೆ ದಾರಿ ಹಿಡಿಯಿತು. ಅಲಗು ಬಿಟ್ಟುಹೋದ ಜಲ್ಲಿ ರಸ್ತೆಯ ಬಾಯಿಗೆ ಅಡ್ಡಲಾಗಿ ಮೊಣಕಾಲುದ್ದ ದಿಬ್ಬವಾಗಿ ಬಿದ್ದಿತ್ತು. ಕ್ರೋಗ್‌ಮನ್ ಅದರ ಮುಂದೆ ಬಂದು ನಿಂತ. ಆಮೇಲೆ ಬೂಟಿನ ಪಕ್ಕದಿಂದ ಒಂದಿಷ್ಟು ಈ ಕಡೆಗೆ, ಒಂದಿಷ್ಟು ಆ ಕಡೆಗೆ ತಳ್ಳತೊಡಗಿದ, ಅವಸರವಿಲ್ಲದೆ.