ಗೋಡು ಕೆಳಗೆ, ಗರಸು ಮೇಲೆ

ಮಗಳ ಸಮಾಧಿಯ ಮಣ್ಣಿನಲ್ಲಿ ಪದರ ತಪ್ಪಿದೆ ಎಂಬುದು ಪರಮಶಿವಪ್ಪನ ಕಣ್ಣಿಗೆ ಬಿದ್ದದ್ದು ಮೂರನೇ ದಿನ, ಹಾಲು-ತುಪ್ಪ ಬಿಡಲು ಹೊಲಕ್ಕೆ ಹೋದಾಗ. ದಿಬ್ಬದ ಮೇಲೆಲ್ಲ ಕಲ್ಲುಮಿಶ್ರಿತ ಹಳದಿ ಗರಸು. ಆಳದಲ್ಲಿರಬೇಕಾದದ್ದು ಮೇಲೆ ಬಂದಿದೆ ಎಂದರೆ, ಮೇಲಿದ್ದ ಕಪ್ಪು ಗೋಡುಮಣ್ಣು ತಳ ಸೇರಿದೆ. ಅವತ್ತಿನಿಂದ ಅವನ ಬಾಯಲ್ಲಿ ಅದೊಂದೇ ಮಾತು.

ಹದಿಮೂರರ ಮಗಳೇ ಹೋದ ಮೇಲೆ ಮಣ್ಣು ಹೇಗಿದ್ದರೇನು ಎಂದು ಯಾರಾದರೂ ಕೇಳಬಹುದು. ಊರವರೂ ಕೇಳಿದರು. ದೀಪಶ್ರೀಯನ್ನು ಬಲ್ಲವರು ಮಾತ್ರ ಕೇಳಲಿಲ್ಲ.

ಯುಗಾದಿಗೆ ಮುಂಚೆ ತಾಳಗುಂದದ ದಾರಿಯ ಆ ಹೊಲದಲ್ಲಿ ಕೃಷಿ ಹೊಂಡ ತೋಡಿಸಿದ್ದರು. ಶಾಲೆಯಲ್ಲಿ ಆಗಷ್ಟೇ ಭೂಮಿಯ ಪಾಠ ಮುಗಿದಿತ್ತು. ಏಳನೇ ಕ್ಲಾಸಿನ ಹುಡುಗಿ ಟೇಪು, ನೋಟ್‌ಬುಕ್ಕು ಹಿಡಿದು ಹೊಂಡದ ಬದಿಯಲ್ಲೇ ಠಿಕಾಣಿ ಹೂಡಿದಳು. ಒಂದೊಂದು ಬಣ್ಣದ ಮಣ್ಣನ್ನೂ ಬೇರೆ ಬೇರೆ ಗುಡ್ಡೆ ಹಾಕಬೇಕೆಂದು ಜೆಸಿಬಿಯವನಿಗೇ ಅಪ್ಪಣೆಯಾಯಿತು. ಅವನು "ಆಯ್ತು ಇಂಜಿನಿಯರಮ್ಮ" ಎಂದು ನಗುತ್ತಲೇ ಹೇಳಿದಂತೆ ಕೇಳಿದ. ಓದಿಗೆ ಎಂದೋ ಮಂಗಳ ಹಾಡಿದ್ದ ಪರಮಶಿವಪ್ಪನನ್ನು ಬದುವಿನ ಮೇಲೆ ಕೂರಿಸಿ ಪಾಠವೂ ನಡೆಯಿತು.

"ಮ್ಯಾಲಿನ ಕರೇ ಗೋಡು ತಾತ ಕೆರೆಯಿಂದ ಗಾಡೀಲಿ ಹೇರಿದ್ದು, ನಲವತ್ತು ವರ್ಷ. ಅದರ ಕೆಳಗಿನ ಕೆಂಪು ಮಣ್ಣು ಸಾವಿರಾರು ವರ್ಷ. ಆಮೇಲೆ ಗರಸು, ಅಂದ್ರೆ ಅರ್ಧ ಮಣ್ಣಾಗಿರೋ ಕಲ್ಲು. ತಳದಾಗಿನ ಕಲ್ಲು ಐತಲ್ಲ, ಇನ್ನೂರೈವತ್ತು ಕೋಟಿ ವರ್ಷದ್ದಂತೆ. ಆಗ ನೆಲದ ಮ್ಯಾಲೆ ಒಂದು ಹುಲ್ಲುಕಡ್ಡೀನೂ ಇರ್ಲಿಲ್ಲಪ್ಪಾ."

"ನಿಮ್ಮಪ್ಪನೂ ಇರ್ಲಿಲ್ಲ ಬಿಡು," ಎಂದು ಅವನು ನಕ್ಕಿದ್ದ.

"ನಗಬ್ಯಾಡ. ನಮ್ಮ ಹೊಲದಾಗೆ ಪದರ ಅಡಿಮೇಲಾಗಿದ್ರೆ, ಅಲ್ಲಿ ಯಾರೋ ಕೈ ಹಾಕ್ಯಾರ ಅಂತ ತಿಳ್ಕೋಬೇಕು. ಸೈನ್ಸ್ ಹೇಳಿಕೊಡೋ ಸಂಗೀತಾ ಮಿಸ್ ಹೇಳ್ಯಾರ."

ನಾಲ್ಕೂ ಪದರಗಳನ್ನು ಗಾಜಿನ ಬಾಟಲಿಗೆ ಕ್ರಮವಾಗಿ ತುಂಬಿ, ಚೀಟಿ ಅಂಟಿಸಿ, ಟಿವಿ ಪಕ್ಕ ಇಟ್ಟಳು. ಒಮ್ಮೆ ಅಪ್ಪ ಧೂಳು ಒರೆಸಲು ಹೋಗಿ ಅದನ್ನು ಉರುಳಿಸಿದ. ಮಣ್ಣೆಲ್ಲ ಕಲಸಿಹೋಯಿತು. ಎರಡು ದಿನ ಮಾತು ಬಿಟ್ಟಳು. ಅವನೇ ಹೊಲಕ್ಕೆ ಹೋಗಿ ಮಣ್ಣು ತಂದು ಮೊದಲಿನಂತೆ ತುಂಬಿಸಿಕೊಟ್ಟ ಮೇಲೇ ಮುನಿಸು ಇಳಿದದ್ದು.

ಮಳೆ ಹಿಡಿಯುವ ಹೊತ್ತಿಗೆ ಜ್ವರ ಬಂತು. ಐದೇ ದಿನ. ಹುಡುಗಿ ಕೈಗೆ ಸಿಗಲಿಲ್ಲ. ಅವರ ಮನೆತನದಲ್ಲಿ ಹೂಳುವುದು ಸ್ವಂತ ಹೊಲದಲ್ಲೇ. ಹೊಂಡದ ಪಕ್ಕದಲ್ಲಿ ಗುಂಡಿ ತೋಡಿ ಮುಚ್ಚಿದವನು ಜಟ್ಟಪ್ಪ, ಸುತ್ತಲಿನ ಊರುಗಳಲ್ಲಿ ನಲವತ್ತು ವರ್ಷದಿಂದ ಅದೇ ಕೆಲಸ ಮಾಡಿಕೊಂಡು ಬಂದ ಮುದುಕ. ಅಂಥವನು ಹೀಗೆ ತಪ್ಪಿದ್ದಾನಲ್ಲ ಎಂದು ಪರಮಶಿವಪ್ಪನಿಗೆ ಸಿಟ್ಟು.

ಐದನೇ ದಿನ ಬೆಳಿಗ್ಗೆ ಅವನು ಸಲಿಕೆ ಹೆಗಲಿಗೇರಿಸಿದಾಗ ಹೆಂಡತಿ ನಿರ್ಮಲಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ್ರೀ. ಮಲಗಿರೋ ಕೂಸನ್ನ ಎಬ್ಬಿಸ್ಬ್ಯಾಡ್ರಿ."

"ಬಾಟಲಿ ಕಲಸಿದ್ದಕ್ಕೇ ಎರಡು ದಿನ ಮಾತಾಡ್ಲಿಲ್ಲ. ಈಗ ಅವಳ ಮ್ಯಾಲೇ ಕಲಸಿ ಹಾಕ್ಯಾರ. ಮ್ಯಾಲಿನ ಎರಡಡಿ ಗರಸು ತೆಗೆದು, ಗೋಡು ಹಾಕಿ ಸರಿ ಮಾಡಿ ಬರ್ತೀನಿ," ಎಂದು ಅವನು ಅವಳನ್ನು ಸರಿಸಿ ಹೊರಟೇಬಿಟ್ಟ.

ಹೊಲದಲ್ಲಿ ಆರೇಳು ಸಲಿಕೆ ಗರಸು ಎತ್ತಿ ಪಕ್ಕಕ್ಕೆ ಹಾಕಿರಬೇಕು, ಯಾರೋ ಹಿಂದಿನಿಂದ ಸಲಿಕೆಯ ಕಾವು ಹಿಡಿದರು. ಜಟ್ಟಪ್ಪ. ದನ ಹೊಡೆದುಕೊಂಡು ಬದುವಿನ ಮೇಲೆ ಬರುತ್ತಿದ್ದವನು ಕಂಡು ಓಡಿ ಬಂದಿದ್ದ.

"ಏನ್ ಮಾಡಾಕ್ಹತ್ತೀರಿ ಯಜಮಾನ್ರೇ?"

"ನೀನು ತಪ್ಪಿಸಿದ್ದನ್ನ ಸರಿ ಮಾಡ್ತಿದೀನಿ. ಗರಸು ಮೊದ್ಲು ಹಾಕಿ, ಮ್ಯಾಲೆ ಗೋಡು ಹಾಕ್ಬೇಕಿತ್ತು. ಅಷ್ಟೂ ಗೊತ್ತಾಗಲಿಲ್ಲೇನು ನಿನಗೆ?"

"ಗೊತ್ತೈತ್ರಿ. ದೊಡ್ಡೋರಿಗೆ ಹಂಗೇ ಹಾಕ್ತೀನಿ," ಎಂದ ಮುದುಕ. ಕಾವು ಬಿಡಲಿಲ್ಲ. "ಗರಸಿನಾಗೆ ಚೂಪು ಕಲ್ಲಿರ್ತಾವು. ಕೂಸಿನ ಮೈಮ್ಯಾಲೆ ಅದನ್ನ ಎಳೆಯಾಕೆ ನನಗೆ ಕೈ ಬರ್ಲಿಲ್ರಿ. ಮೆತ್ತಗಿನ ಗೋಡೇ ಮೊದ್ಲು ಹಾಕ್ದೆ. ಸಲಿಕೇಲಿ ಅಲ್ಲ. ಹೆಂಟೆ ಒಡೆದು, ಪುಡಿ ಮಾಡಿ, ಬೊಗಸೇಲಿ ಹಾಕ್ದೆ. ಮ್ಯಾಲಿನ ಭಾರ ತಾಗದಂಗೆ ಮೊಳ ದಪ್ಪ ಗೋಡೇ ಐತಿ ಅವಳ ಸುತ್ತ. ನೀವು ಆವಾಗ ಕಣ್ಣು ಮುಚ್ಚಿ ಕುಂತಿದ್ರಿ."

ಪರಮಶಿವಪ್ಪ ಸಲಿಕೆ ಬಿಟ್ಟ. ದಿಬ್ಬದ ಪಕ್ಕ ಕುಕ್ಕರುಗಾಲಲ್ಲಿ ಕುಳಿತ. ಎತ್ತಿ ಹಾಕಿದ್ದ ಗರಸನ್ನು ಬರಿಗೈಯಲ್ಲಿ ಬಾಚಿ ಬಾಚಿ ಮತ್ತೆ ದಿಬ್ಬದ ಮೇಲೆ ಹಾಕತೊಡಗಿದ. ಜಟ್ಟಪ್ಪನೂ ಪಕ್ಕದಲ್ಲಿ ಕುಳಿತು ಕೈ ಹಚ್ಚಿದ. ಕಲ್ಲು ತರಚಿ ಬೆರಳಲ್ಲಿ ರಕ್ತ ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ.

ಮನೆಗೆ ಬಂದಾಗ ನಿರ್ಮಲಮ್ಮ ಬಾಗಿಲಲ್ಲೇ ಕುಳಿತಿದ್ದಳು. ಬಾಟಲಿ ಅವಳ ಮಡಿಲಲ್ಲಿತ್ತು.

"ಸರಿ ಮಾಡಿದ್ರಾ?" ಎಂದಳು, ಗಂಡನ ಮುಖ ನೋಡದೆ.

"ಸರಿಯಾಗೇ ಐತಿ," ಎಂದು ಪರಮಶಿವಪ್ಪ ಅವಳ ಪಕ್ಕ ಕುಳಿತ. ಐದು ದಿನದಿಂದ ಬಾರದೆ ನಿಂತಿದ್ದ ಅಳು ಆಗ ಬಂತು. "ಯಾರೋ ಕೈ ಹಾಕ್ಯಾರ, ನಿರ್ಮಲಾ. ಯಾರೋ ಕೈ ಹಾಕ್ಯಾರ ಅಷ್ಟೇ."