ಗಂಗಮ್ಮನ ಒದ್ದೆ ಪಾದ

ತೊಂಬತ್ಮೂರರ ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಜವಳಗೇರಾ ಹತ್ತಿರದ ನಮ್ಮೂರಿಗೆ ಉಳಿದದ್ದು ನಮ್ಮ ಮನೆ ಹಿಂದಿನ ಕುಡಿಯುವ ನೀರಿನ ಕೆರೆಯೊಂದೇ. ಬೋರು ಕೊರೆದರೆ ಬಾಯಿಗೆ ಹಾಕಲಾಗದ ಉಪ್ಪು ನೀರು. ಅದೇ ಕೆರೆಯ ಆಚೆ ದಂಡೆಗೆ ಹೂವಿನ ಫಾರಂನವರ ಮೋಟರು ಕೂತಿತ್ತು. ಸುಗಂಧರಾಜ ಬೆಳೆದು ಹೈದರಾಬಾದಿಗೆ ಕಳಿಸುವವರು. ಆ ಹೂವಿಗೋ, ಎಷ್ಟು ಕುಡಿದರೂ ದಾಹ ತೀರದು.

ಜಗಳ ಬೇಡವೆಂದು ಊರವರೂ ಫಾರಂನವರೂ ಕೂತು ಕರಾರು ಮಾಡಿಕೊಂಡರು. ಕೆರೆಯ ಮೆಟ್ಟಿಲ ಮೇಲೆ ಗಂಗಮ್ಮನ ಕಲ್ಲಿದೆ. ಕಲ್ಲಿನ ಬುಡವನ್ನೇ ನಾವು ಅವಳ ಪಾದ ಎನ್ನುವುದು. ಪಾದ ನೀರಲ್ಲಿರುವ ತನಕ ಮೋಟರು ನಡೆಯಬಹುದು. ಪಾದ ಒಣಗಿದ ದಿನ ಬಂದ್. ಆಮೇಲೆ ಉಳಿದ ನೀರೆಲ್ಲ ಊರಿನದು. ದೇವಿಯನ್ನು ಯಾರು ಅಲುಗಿಸುತ್ತಾರೆ ಎಂದು ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಮಗಳು ಗ್ಯಾನಮ್ಮ ಚೊಚ್ಚಲ ಬಸುರಿ, ಹೆರಿಗೆಗೆಂದು ನನ್ನ ಹತ್ತಿರವೇ ಇದ್ದಳು. ಅವಳ ಹೆರಿಗೆಗೆ ನೀರು ಉಳಿದರೆ ನನಗೆ ಅಷ್ಟೇ ಸಾಕಿತ್ತು.

ದಿನಾ ನೋಡುತ್ತಿದ್ದೆ, ಪಾದ ಮುಳುಗಿಯೇ ಇರುತ್ತಿತ್ತು. ಆದರೆ ನನ್ನ ಮೊಣಕಾಲು ಸುಳ್ಳು ಹೇಳಲಿಲ್ಲ. ಕೊಡ ಹೊತ್ತು ಹತ್ತುವ ಮೆಟ್ಟಿಲು ಹೆಚ್ಚಾಗುತ್ತಲೇ ಇದ್ದವು. ಒಂದು ಬೆಳಿಗ್ಗೆ ಮೇಲಿನ ಒಣ ಮೆಟ್ಟಿಲ ಮೇಲೆ ಅರಿಶಿನ ಕುಂಕುಮದ ಕಲೆ ಕಂಡಿತು. ಅದರ ಕೆಳಗಿನದರ ಮೇಲೂ. ಅಯ್ಯೋ ಶಿವನೇ, ಗಂಗಮ್ಮ ಇಳಿಯುತ್ತಿದ್ದಾಳೆ!

ಫಾರಂನವರ ಬಾಯಿಗೆ ಮಣ್ಣು ಬೀಳಲಿ ಎಂದು ಬೈದುಕೊಂಡು ಸಂಜೆ ಜಾಲಿ ಗಿಡದ ಮರೆಯಲ್ಲಿ ಕೂತೆ. ಬಂದವರು ಫಾರಂನವರಲ್ಲ, ಅಲ್ಲಿ ಹೂ ಬಿಡಿಸುವ ನಮ್ಮೂರ ಹೆಂಗಸರು. ಕಾಯಿ ಒಡೆದರು, ಗಲ್ಲ ಬಡಿದುಕೊಂಡರು, ಕಲ್ಲನ್ನೆತ್ತಿ ಒಂದು ಮೆಟ್ಟಿಲು ಕೆಳಗಿಟ್ಟರು. ಮುಂದೆ ಆರತಿ ಹಿಡಿದು ನಿಂತವಳು ನನ್ನ ಗ್ಯಾನಮ್ಮ.

"ಏನ್ ಮಾಡಾಕತ್ತೀಬೇ, ಬುದ್ಧಿಗೇಡಿ!" ಎಂದು ಎದ್ದು ಬಂದೆ.

"ಮೋಟರು ನಿಂತ್ರ ಫಾರಮ್ಮೂ ನಿಲ್ತೈತಿ, ಯವ್ವಾ. ಎಲ್ಲಾರೂ ಗುಳೆ ಹೋಗ್ತಾರ, ನಿನ್ನ ಅಳಿಯಾನೂ ಹೋಗ್ತಾನ. ನಾ ಹಡಿಯೋ ಹೊತ್ತಿಗೆ ಅಂವ ಊರಾಗ ಇರಬೇಕು."

ಅಳಿಯ ಪಂಪಣ್ಣ ಆ ಮೋಟರು ನಡೆಸುವವನು.

"ಗಂಡ ಇದ್ದು ನೀರಿಲ್ಲಂದ್ರ?"

"ಅಷ್ಟೊತ್ತಿಗೆ ಕಾಲುವಿ ಬರ್ತೈತಿ ತಗೋ."

ಮರುದಿನ ಊರ ಹಿರಿಯ ದ್ಯಾವಪ್ಪನ ಮುಂದೆ ಬಾಯಿ ಬಡಿದುಕೊಂಡೆ. ಅವನ ಸೊಸೆಯಂದಿರೂ ಹೂ ಬಿಡಿಸುವವರೇ. "ತಾಯಿ ತಾನಾ ಇಳದಾಳ ಪಕೀರಮ್ಮ, ಆಕಿ ಇಚ್ಛಾ," ಎಂದು ಕೈಮುಗಿದು ಒಳಗೆ ಹೋದ. ನಾಚಿಕೆಗೆಟ್ಟ ಮುದುಕ!

ಕಾಲುವೆ ಬರಲಿಲ್ಲ. ಒಂದು ಮಧ್ಯಾಹ್ನ ಗ್ಯಾನಮ್ಮನಿಗೆ ಬೇನೆ ಬಂತು. ಸೂಲಗಿತ್ತಿ ತಿಮ್ಮವ್ವ ನೀರು ಕಾಸು ಎಂದಳು. ಕೊಡದಲ್ಲಿ ತಳ ಕಾಣುತ್ತಿತ್ತು. ಕೆರೆಗೆ ಓಡಿದೆ. ಮೆಟ್ಟಿಲುಗಳೆಲ್ಲ ಮುಗಿದು ಗಂಗಮ್ಮ ಕೆಸರಿನಲ್ಲಿ ಕೂತಿದ್ದಳು. ಅವಳ ಪಾದದ ಸುತ್ತ ಒಂದಿಷ್ಟು ನೀರು. ಮೋಟರು ಇನ್ನೂ ಗೊರಗೊರ ಎನ್ನುತ್ತಿತ್ತು.

"ಬಂದ್ ಮಾಡಲೇ ಪಂಪಣ್ಣಾ!"

ಅವನು ಶೆಡ್ಡಿನಿಂದ ಇಣುಕಿ ಕಲ್ಲು ನೋಡಿದ. "ಪಾದ ಇನ್ನಾ ನೀರಾಗ ಅದಾವಲ್ರೀ ಅತ್ತಿ. ಬಂದ್ ಮಾಡಾಕ ನನಗ ಹುಕುಂ ಇಲ್ರೀ."

"ನಿನ್ನ ಹೆಂಡ್ತಿ ಬ್ಯಾನಿ ತಿನ್ನಾಕತ್ತಾಳೋ!"

ಅವನು ಒಳಗೋಡಿದ. ಮೋಟರು ನಿಲ್ಲಿಸಿದ. ನಾನು ಕೊಡ ಬಗ್ಗಿಸಿದೆ, ಬರೀ ರಾಡಿ ಬಂತು. ಅವನು ಫಾರಂನ ತೊಟ್ಟಿಗೆ ಓಡಿ ಬಕೆಟ್ ತುಂಬ ತಿಳಿನೀರು ತಂದ. ಕೈ ಚಾಚಿದೆ. ವಾಸನೆ ಮೂಗಿಗೆ ಬಡಿಯಿತು.

"ಇದರಾಗ ಏನ್ ಕಲಸ್ಯಾರೋ?"

ಬಕೆಟ್ ಕೆಳಗಿಟ್ಟ. "ಔಷಧಿ ರೀ. ಹೂವಿನ ಹುಳಕ್ಕ."

ಹಿತ್ತಿಲ ಬಾಗಿಲಿಂದ ತಿಮ್ಮವ್ವ ಕೂಗಿದಳು: "ಪಕೀರಮ್ಮಾ, ಕೂಸು ಬಂತು! ಲಗೂನ ನೀರು ತಾ!"

ನಾವಿಬ್ಬರೂ ಆ ಬಕೆಟ್ಟನ್ನೇ ನೋಡುತ್ತ ನಿಂತೆವು.